ಶಿರಾಡಿ ಮುಚ್ಚಿದರೆ ಚಾರ್ಮಾಡಿ: ಆರೋಗ್ಯಕ್ಕೆ ಭರವಸೆಯನ್ನು ಬಳಸಿಕೊಳ್ಳುವ ಬಗೆ

2023ರ ಮಾರ್ಚ್‌ನಲ್ಲಿ ಉಡುಪಿಯಲ್ಲಿರುವ ನನ್ನ ಚಿಕ್ಕಪ್ಪನಿಗೆ ಹಾರ್ಟ್ ಅಟ್ಯಾಕ್ ಆಯಿತು. ಎರಡು ಸ್ಟೆಂಟ್ ಹಾಕಿ ಐದನೇ ದಿನ ಮನೆಗೆ ಕಳಿಸಿದರು. ರಿಪೋರ್ಟ್‌ಗಳೆಲ್ಲ ಚೆನ್ನಾಗಿದ್ದವು. ಆದರೆ ಚಿಕ್ಕಪ್ಪ ಚಾವಡಿಯ ಈಸಿಚೇರಿನಲ್ಲಿ ಕೂತವರು ಏಳಲೇ ಇಲ್ಲ. ಚಿಕ್ಕಮ್ಮ ಕೈಗೆ ಕೊಟ್ಟರೆ ಮಾತ್ರೆ ನುಂಗುತ್ತಿದ್ದರು, ಇಲ್ಲದಿದ್ದರೆ ಇಲ್ಲ. ದಿನಾ ಸ್ವಲ್ಪ ನಡೆಯಿರಿ ಎಂದು ಡಾಕ್ಟರ್ ಹೇಳಿದ್ದರು. ಆ ಮಾತು ತೆಗೆದರೆ ಮುಖ ತಿರುಗಿಸುತ್ತಿದ್ದರು.

"ಇನ್ನು ಎಂತ ಉಂಟು ಮಾರಾಯ್ತಿ? ಎಂತ ಮಾಡಿದರೂ ಅಷ್ಟೇ" ಎಂದು ನನ್ನ ಹತ್ತಿರ ಹೇಳಿದರು. ಆಗ ಅವರಿಗೆ 61 ವರ್ಷ.

ನೋಡಲು ಬಂದವರೆಲ್ಲ ಧೈರ್ಯ ಹೇಳಿದರು. ತುಳುವಿನಲ್ಲಿ "ಮಾತ ಸರಿ ಆಪುಂಡು" (ಎಲ್ಲ ಸರಿಯಾಗುತ್ತದೆ) ಅಂದರು, ಕನ್ನಡದಲ್ಲಿ "ಪಾಸಿಟಿವ್ ಆಗಿರಿ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಅವರು ಗೇಟು ದಾಟುವಷ್ಟರಲ್ಲಿ ಚಿಕ್ಕಪ್ಪ ಮತ್ತೆ ಮೊದಲಿನ ಹಾಗೆಯೇ ಸುಮ್ನೆ ಕೂತಿರುತ್ತಿದ್ದರು. ಹಾಗಾದರೆ ಭರವಸೆಯಿಂದ ಆರೋಗ್ಯ ಸುಧಾರಿಸುತ್ತದೆ ಅನ್ನುವುದು ಸುಳ್ಳಾ? ಆ ಪ್ರಶ್ನೆ ಹಿಡಿದು ನಾನು ಸಿಕ್ಕಿದ್ದೆಲ್ಲ ಓದಿದೆ. ಸುಳ್ಳಲ್ಲ. ಆದರೆ ನಾವು ಭರವಸೆ ಅಂದುಕೊಂಡಿರುವುದೇ ಬೇರೆ, ಮೈಗೆ ಒಳ್ಳೆಯದು ಮಾಡುವ ಭರವಸೆಯೇ ಬೇರೆ. ಮುಂದಿನ ಹತ್ತು ತಿಂಗಳು ನಮ್ಮ ಮನೆಯಲ್ಲಿ ಏನು ಮಾಡಿದೆವು, ನೀವು ಅದನ್ನು ಹೇಗೆ ಮಾಡಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ. ಇದು ಡಾಕ್ಟರ ಸಲಹೆಯ ಜೊತೆಗೆ ಮಾಡುವಂಥದ್ದು. ಅದನ್ನು ಬಿಟ್ಟು ಅಲ್ಲ.

ಮನಸ್ಸೂ ಬೇಕು, ಮಾರ್ಗವೂ ಬೇಕು

ಅಮೆರಿಕದ ಕಾನ್ಸಸ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಸ್ನೈಡರ್ ಎಂಬ ಮನಃಶಾಸ್ತ್ರಜ್ಞರಿದ್ದರು. ಭರವಸೆಯನ್ನು ಅಳೆಯಲು ಅವರು 1991ರಲ್ಲಿ 12 ವಾಕ್ಯಗಳ ಒಂದು ಅಳತೆಪಟ್ಟಿ ಮಾಡಿದರು. ಅದರಲ್ಲಿ 4 ವಾಕ್ಯ 'ನನ್ನಿಂದ ಆಗುತ್ತದೆ' ಎಂಬ ಮನಸ್ಸಿನ ಬಗ್ಗೆ. ಇನ್ನು 4 ವಾಕ್ಯ 'ಅಲ್ಲಿಗೆ ತಲುಪಲು ನನಗೆ ದಾರಿಗಳು ಗೊತ್ತು' ಎಂಬುದರ ಬಗ್ಗೆ. ಉಳಿದ 4 ಸುಮ್ನೆ ಸೇರಿಸಿದ್ದು, ಲೆಕ್ಕಕ್ಕಿಲ್ಲ. ಎರಡೂ ಸೇರಿದರೆ ಮಾತ್ರ ಭರವಸೆ ಎಂದು ಸ್ನೈಡರ್ ಹೇಳಿದರು. ಮನಸ್ಸಿದ್ದು ದಾರಿ ಕಾಣದಿದ್ದರೆ ಮನುಷ್ಯ ಒದ್ದಾಡುತ್ತಾನೆ. ದಾರಿ ಗೊತ್ತಿದ್ದು ಮನಸ್ಸಿಲ್ಲದಿದ್ದರೆ ಈಸಿಚೇರಿನಲ್ಲೇ ಕೂರುತ್ತಾನೆ.

'ಮನಸ್ಸಿದ್ದರೆ ಮಾರ್ಗ' ಎಂಬ ಗಾದೆ ನಮಗೆ ಗೊತ್ತೇ ಇದೆ. ಸ್ನೈಡರ್ ಅದಕ್ಕೆ ಒಂದು ತಿದ್ದುಪಡಿ ಸೇರಿಸಿದ ಹಾಗೆ ನನಗೆ ಅನಿಸುತ್ತದೆ. ಮನಸ್ಸಿದ್ದ ಮಾತ್ರಕ್ಕೆ ಮಾರ್ಗ ತಾನಾಗಿ ಬರುವುದಿಲ್ಲ, ಅದನ್ನು ಬೇರೆಯಾಗಿಯೇ ಹುಡುಕಬೇಕು. ಒಂದೇ ಮಾರ್ಗ ಇದ್ದರೂ ಸಾಲದು.

ಇದು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ. ಮಾರ್ಗ ಅಂದರೆ ನಮಗೆ ರಸ್ತೆ ತಾನೇ? ಮಳೆಗಾಲದಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಹೊರಟವರು ಮೊದಲು ಕೇಳುವುದು "ಶಿರಾಡಿ ಓಪನ್ ಉಂಟಾ?" ಎಂದು. ಆ ಘಾಟಿಯಲ್ಲಿ ಗುಡ್ಡ ಜರಿದರೆ ಚಾರ್ಮಾಡಿ ಘಾಟಿ. ಅದೂ ಆಗದಿದ್ದರೆ ಸಂಪಾಜೆ ಮೇಲೆ ಮಡಿಕೇರಿ. ಉಡುಪಿ ಕಡೆಯವರಾದರೆ ಆಗುಂಬೆ. 2018ರ ಆಗಸ್ಟ್‌ನಲ್ಲಿ ಶಿರಾಡಿ, ಸಂಪಾಜೆ ಎರಡೂ ಬಂದ್ ಆಗಿದ್ದವು. ಆಗಲೂ ಕೆಲಸ ಇದ್ದವರು ಹೇಗೋ ಹೋದರು, ಬಂದರು. ಗುಡ್ಡ ಜರಿಯುವುದಿಲ್ಲ ಎಂದು ನಂಬಿಕೊಂಡು ಹೊರಟವರು ಯಾರೂ ಇಲ್ಲ. ಜರಿದರೆ ಎಲ್ಲಿ ತಿರುಗಬೇಕು ಎಂದು ಗೊತ್ತಿದ್ದವರು ಊರು ಮುಟ್ಟಿದರು. ಆರೋಗ್ಯದ ವಿಷಯದಲ್ಲೂ ನನಗೆ ಭರವಸೆ ಅಂದರೆ ಇಷ್ಟೇ.

ಮೈಯೊಳಗೆ ಏನಾಗುತ್ತದೆ?

ಸ್ವಲ್ಪ ಅಂಕಿ ಅಂಶ ನೋಡೋಣ. ಈ ವಿಷಯದಲ್ಲಿ ಉತ್ಪ್ರೇಕ್ಷೆ ಬಹಳ ಇರುವುದರಿಂದ ಗಟ್ಟಿ ಇರುವುದನ್ನು ಮಾತ್ರ ಹೇಳುತ್ತೇನೆ.

2019ರಲ್ಲಿ 15 ಅಧ್ಯಯನಗಳನ್ನು ಒಟ್ಟು ಸೇರಿಸಿ ಒಂದು ವಿಶ್ಲೇಷಣೆ ನಡೆಯಿತು. ಒಟ್ಟು 2,29,391 ಜನರ ಮಾಹಿತಿ ಅದರಲ್ಲಿತ್ತು. ಮುಂದೆ ಒಳ್ಳೆಯದಾಗುತ್ತದೆ ಎಂದು ನಿರೀಕ್ಷಿಸುವವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವುಗಳ ಅಪಾಯ ಉಳಿದವರಿಗಿಂತ 35% ಕಡಿಮೆ ಕಂಡುಬಂತು. ಯಾವುದೇ ಕಾರಣದಿಂದ ಸಾಯುವ ಅಪಾಯ 14% ಕಡಿಮೆ ಇತ್ತು. ಅದೇ ವರ್ಷ ಅಮೆರಿಕದ 69,744 ಮಹಿಳೆಯರು ಮತ್ತು 1,429 ಗಂಡಸರ ಅಧ್ಯಯನವೊಂದು ಬಂತು. ಅತಿ ಹೆಚ್ಚು ಆಶಾವಾದಿಗಳು ಅತಿ ಕಡಿಮೆ ಆಶಾವಾದಿಗಳಿಗಿಂತ ಸರಾಸರಿ 11ರಿಂದ 15% ಜಾಸ್ತಿ ಕಾಲ ಬದುಕಿದ್ದರು.

ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. 2003ರಲ್ಲಿ ಪ್ರಕಟವಾದ ಅದರಲ್ಲಿ ಶೆಲ್ಡನ್ ಕೊಹೆನ್ ಮತ್ತು ಜೊತೆಗಾರರು 334 ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ಶೀತದ ವೈರಸ್ಸಿನ ಹನಿ ಬಿಟ್ಟರು. ಆಮೇಲೆ ಯಾರಿಗೆ ಶೀತ ಹಿಡಿಯುತ್ತದೆ ಎಂದು ಕಾದು ನೋಡಿದರು. ಸಾಮಾನ್ಯವಾಗಿ ಲವಲವಿಕೆಯಿಂದ, ಸಮಾಧಾನದಿಂದ ಇರುವವರಿಗೆ ಶೀತ ಕಡಿಮೆ ಹಿಡಿಯಿತು. ವೈರಸ್ ಎಲ್ಲರಿಗೂ ಬಿಟ್ಟದ್ದು ಒಂದೇ ಥರ.

ಇದೆಲ್ಲ ಹೇಗೆ ಆಗುತ್ತದೆ? ಒಂದು ಕಾರಣ ನೇರವಾಗಿ ದೇಹದ್ದು. ಚಿಂತೆ ತಿಂಗಳುಗಟ್ಟಲೆ ಹಿಡಿದು ಕೂತರೆ ಕಾರ್ಟಿಸೋಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳು ಇಳಿಯಬೇಕಾದಾಗ ಇಳಿಯುವುದಿಲ್ಲ. ಬಿಪಿ, ಶುಗರ್ ಏರುತ್ತವೆ. ನಿದ್ದೆ ಕೆಡುತ್ತದೆ. ರಕ್ತನಾಳದ ಒಳಗೆ ಉರಿಯೂತ ಹೆಚ್ಚುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದು ಎಲ್ಲರ ಕಣ್ಣಿಗೂ ಕಾಣುವಂಥದ್ದು. ನಾಳೆ ಎಂಬುದು ಇದೆ ಎಂದು ಅನಿಸಿದವರು ಇವತ್ತಿನ ಮಾತ್ರೆ ನುಂಗುತ್ತಾರೆ. ನಡೆಯುತ್ತಾರೆ. ಬೀಡಿ ಬಿಡಲು ನೋಡುತ್ತಾರೆ. ನೆಂಟರ ಮನೆಗೆ ಹೋಗುತ್ತಾರೆ. ನಾಳೆಯೇ ಇಲ್ಲ ಅನಿಸಿದವರು ಯಾಕೆ ನಡೆಯಬೇಕು, ಯಾಕೆ ಉಪ್ಪಿನಕಾಯಿ ಕಡಿಮೆ ಮಾಡಬೇಕು? ಚಿಕ್ಕಪ್ಪ ಮಾತ್ರೆ ಬಿಟ್ಟದ್ದು ಮರೆವಿನಿಂದಲ್ಲ. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ ಬಿಟ್ಟರೆ ಸ್ಟೆಂಟ್ ಒಳಗೇ ಗಡ್ಡೆ ಕಟ್ಟಿ ಜೀವಕ್ಕೆ ಅಪಾಯ. ನಿರಾಶೆ ಹೀಗೆ, ತೀರಾ ಸಾದಾ ದಾರಿಯಿಂದಲೂ ಮೈಯನ್ನು ಮುಟ್ಟುತ್ತದೆ.

ಒಂದು ಎಚ್ಚರಿಕೆ. ಈ ಅಂಕಿಗಳು ತೋರಿಸುವುದು ಎರಡು ಸಂಗತಿ ಜೊತೆಜೊತೆಗೆ ಇರುತ್ತವೆ ಎಂದು ಮಾತ್ರ. ಮೈ ಚೆನ್ನಾಗಿರುವವರಿಗೆ ಭರವಸೆ ಇಡುವುದೂ ಸುಲಭ. ಆದ್ದರಿಂದ ಭರವಸೆಯೇ ಮದ್ದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

"ನನ್ನ ಸ್ವಭಾವವೇ ಹೀಗೆ, ಹುಟ್ಟುಗುಣ" ಎನ್ನುವವರಿಗೆ ಒಂದು ಮಾತು: ಅವಳಿ ಮಕ್ಕಳ ಅಧ್ಯಯನದಲ್ಲಿ ಆಶಾವಾದದಲ್ಲಿ ವಂಶವಾಹಿಯ ಪಾಲು ಸುಮಾರು ಕಾಲು ಭಾಗ ಎಂದು ಕಂಡಿದೆ. ಉಳಿದ ಮುಕ್ಕಾಲು ಭಾಗದಲ್ಲಿ ನಮಗೆ ಕೆಲಸ ಮಾಡಲು ಜಾಗ ಇದೆ.

ಹೆಜ್ಜೆ 1: 'ಎಂತ ಮಾಡಿದರೂ ಅಷ್ಟೇ' ಎಂಬ ಮಾತನ್ನು ಹಿಡಿಯಿರಿ

ಒಂದು 80 ಪುಟದ ನೋಟ್‌ಬುಕ್ ತನ್ನಿ. ಮೂರು ದಿನ ಬೇರೇನೂ ಮಾಡಬೇಡಿ. ನಿಮ್ಮ ಆರೋಗ್ಯದ ಬಗ್ಗೆ ನೀವು ಆಡುವ ಮಾತು, ಮನಸ್ಸಲ್ಲಿ ಅಂದುಕೊಳ್ಳುವ ಮಾತು ಅದರಲ್ಲಿ ಬರೆಯಿರಿ. ಆಮೇಲೆ 'ಯಾವಾಗಲೂ', 'ಯಾರೂ', 'ಎಂತದೂ', 'ಮುಗಿಯಿತು' ಎಂಬ ಪದಗಳಿಗೆ ಕೆಳಗೆ ಗೆರೆ ಎಳೆಯಿರಿ. ಚಿಕ್ಕಪ್ಪ ಬರೆಯಲು ಒಪ್ಪಲಿಲ್ಲ. ಅವರು ಹೇಳಿದ್ದನ್ನು ನಾನೇ ಬರೆದುಕೊಂಡೆ. ಮೂರು ದಿನದಲ್ಲಿ 'ಮುಗಿಯಿತು' ಎಂಬ ಪದ ಏಳು ಸಲ ಬಂದಿತ್ತು. ಓದಿ ಹೇಳಿದಾಗ ಅವರು ತುಂಬ ಹೊತ್ತು ಮಾತಾಡಲಿಲ್ಲ.

ಈ ಪದಗಳ ಮಹತ್ವವನ್ನು ತೋರಿಸಿದವರಲ್ಲಿ ಮುಖ್ಯರು ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್. ಕಷ್ಟ ಬಂದಾಗ 'ಇದು ಶಾಶ್ವತ, ಇದು ಎಲ್ಲವನ್ನೂ ಹಾಳು ಮಾಡುತ್ತದೆ' ಎಂದು ವಿವರಿಸಿಕೊಳ್ಳುವವರು ಬೇಗ ಕೈಚೆಲ್ಲುತ್ತಾರೆ. ಹಾಗಾಗಿ ವಾಕ್ಯಕ್ಕೆ ಕಾಲದ ಮಿತಿ ಹಾಕಿ, ಜಾಗದ ಮಿತಿ ಹಾಕಿ. 'ನನ್ನ ಕೈಲಿ ಇನ್ನು ಎಂತದೂ ಆಗುವುದಿಲ್ಲ' ಎಂಬುದನ್ನು ನಾವು ತಿದ್ದಿದ್ದು ಹೀಗೆ: 'ಈ ತಿಂಗಳು ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತದೆ. ಅಂಗಳದಲ್ಲಿ ಐದು ನಿಮಿಷ ನಡೆದರೆ ಸುಸ್ತಾಗುವುದಿಲ್ಲ.' ಸಕ್ಕರೆ ಕಾಯಿಲೆ ಇರುವ ನನ್ನ ಅತ್ತೆಯೊಬ್ಬರು "ನನ್ನ ಶುಗರ್ ಯಾವತ್ತೂ ಕಂಟ್ರೋಲಿಗೆ ಬರುವುದಿಲ್ಲ" ಅನ್ನುತ್ತಿದ್ದರು. ಎಚ್‌ಬಿಎ1ಸಿ ಪರೀಕ್ಷೆ ತೋರಿಸುವುದು ಹೆಚ್ಚುಕಡಿಮೆ ಹಿಂದಿನ ಮೂರು ತಿಂಗಳ ಸರಾಸರಿ. ಅವರ ಆ ಮೂರು ತಿಂಗಳಲ್ಲಿ ಮೂರು ಮದುವೆ, ಒಂದು ಗೃಹಪ್ರವೇಶ ಇತ್ತು. 'ಮದುವೆ ಸೀಸನ್ನಿನಲ್ಲಿ ಜಾಸ್ತಿ ಬಂತು' ಎಂದು ಬರೆದಾಗ ಅದು ಹಣೆಬರಹದ ಮಾತಾಗಿ ಉಳಿಯಲಿಲ್ಲ, ಕೈಯಾಡಿಸಬಹುದಾದ ವಿಷಯವಾಯಿತು.

ಗಮನಿಸಿ, ಇಲ್ಲಿ ಎಲ್ಲೂ ಸುಳ್ಳು ಸಮಾಧಾನ ಬರೆಯಬಾರದು. 'ನಾನು ಪೂರ್ತಿ ಆರೋಗ್ಯವಂತ' ಎಂದು ಬರೆದರೆ ಮನಸ್ಸು ನಂಬುವುದಿಲ್ಲ. ನಿಜ ಇರುವುದನ್ನೇ ಸರಿಯಾದ ಅಳತೆಗೆ ಬರೆಯಬೇಕು.

ಹೆಜ್ಜೆ 2: ದಿನಾಂಕ ಇರುವ ಒಂದು ಆಸೆ ಆರಿಸಿ

'ಆರೋಗ್ಯ ಚೆನ್ನಾಗಿರಬೇಕು' ಎಂಬುದು ಗುರಿಯಲ್ಲ. ಅದಕ್ಕೆ ತಾರೀಖು ಇಲ್ಲ, ಜಾಗ ಇಲ್ಲ. ನಿಮ್ಮನ್ನು ಏಳಿಸುವಂಥದ್ದು ಬೇಕು. ಮೊಮ್ಮಗಳ ರಂಗಪ್ರವೇಶ, ಊರಿನ ಜಾತ್ರೆ, ಯಕ್ಷಗಾನ ಮೇಳದ ಆಟ, ದುಬೈಯಿಂದ ಮಗ ಬರುವ ದಿನ ಏನೂ ಆಗಬಹುದು. ಡಾಕ್ಟರ್ ಆರಿಸಿದ್ದು ಬೇಡ, ಮಕ್ಕಳು ಆರಿಸಿದ್ದೂ ಬೇಡ. ರೋಗಿಯೇ ಆರಿಸಬೇಕು.

ಚಿಕ್ಕಪ್ಪನ ಹತ್ತಿರ ಕೇಳಿದಾಗ ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಊಟಕ್ಕೆ ಕೂತಾಗ ಅವರಾಗಿಯೇ ಹೇಳಿದರು: "ಪರ್ಯಾಯದ ಮೆರವಣಿಗೆ ಒಂದು ನೋಡಬೇಕಿತ್ತು." ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ, ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ದಿನ. ಮುಂದಿನದ್ದು 2024ರದ್ದು, ಪುತ್ತಿಗೆ ಮಠದ್ದು. ಬೆಳಕು ಹರಿಯುವ ಮೊದಲೇ ಜೋಡುಕಟ್ಟೆಯಿಂದ ಮೆರವಣಿಗೆ ಹೊರಟು ರಥಬೀದಿಗೆ ಬರುತ್ತದೆ. ಹುಡುಗನಾಗಿದ್ದಾಗಿನಿಂದ ಒಂದನ್ನೂ ತಪ್ಪಿಸಿದವರಲ್ಲ. ಆ ಜನಜಂಗುಳಿಯಲ್ಲಿ ಎರಡು ಗಂಟೆ ನಿಲ್ಲಬೇಕು, ರಥಬೀದಿಯವರೆಗೆ ನಡೆಯಬೇಕು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ '18-1-2024' ಎಂದು ಅವರೇ ಬರೆದರು. ಆ ನೋಟ್‌ಬುಕ್ಕಿನಲ್ಲಿ ಅವರ ಕೈಬರಹ ಮೊದಲು ಬಿದ್ದದ್ದು ಅದು.

ಹೆಜ್ಜೆ 3: ತುಳಸಿಕಟ್ಟೆಯಷ್ಟು ಸಣ್ಣದರಿಂದ ಶುರುಮಾಡಿ

ಈ ಹೆಜ್ಜೆಯ ಹಿಂದೆ ಒಂದು ದೊಡ್ಡ ಕಥೆ ಇದೆ. 1967ರಲ್ಲಿ ಸೆಲಿಗ್‌ಮನ್ ಮತ್ತು ಸ್ಟೀವನ್ ಮೈಯರ್ ನಾಯಿಗಳ ಮೇಲೆ ಪ್ರಯೋಗ ಮಾಡಿದರು. ಏನು ಮಾಡಿದರೂ ನಿಲ್ಲದ ವಿದ್ಯುತ್ ಆಘಾತ ಕಂಡ ನಾಯಿಗಳು, ಆಮೇಲೆ ಸುಲಭವಾಗಿ ಹಾರಿ ತಪ್ಪಿಸಿಕೊಳ್ಳಬಹುದಾದ ಜಾಗದಲ್ಲಿಟ್ಟರೂ ಮಲಗಿಯೇ ಇದ್ದವು. ಅವು ಅಸಹಾಯಕತೆಯನ್ನು 'ಕಲಿತಿವೆ' ಎಂದು ಆಗ ಹೇಳಿದರು. ಕ್ರೂರ ಪ್ರಯೋಗ ಅದು, ಓದುವಾಗ ಸಂಕಟವಾಗುತ್ತದೆ. ಆದರೆ ಸುಮಾರು 50 ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ಮೆದುಳಿನ ಹೊಸ ಅಧ್ಯಯನಗಳನ್ನು ನೋಡಿ ತಮ್ಮ ಮಾತನ್ನೇ ತಿರುಗಿಸಿದರು. ದೀರ್ಘಕಾಲ ಪೆಟ್ಟು ಬಿದ್ದಾಗ ಮುದುರಿ ಕೂರುವುದು ಮೆದುಳಿನ ಸಹಜ ಪ್ರತಿಕ್ರಿಯೆ. ಅದನ್ನು ಯಾರೂ ಕಲಿಯಬೇಕಾಗಿಲ್ಲ. ಕಲಿಯಬೇಕಾದದ್ದು 'ನನ್ನ ಕೈಲಿ ಸ್ವಲ್ಪ ಹಿಡಿತ ಇದೆ' ಎಂಬುದನ್ನು.

ಇದನ್ನು ಓದಿದ ದಿನ ಚಿಕ್ಕಪ್ಪನ ಮೇಲಿದ್ದ ನನ್ನ ಸಿಟ್ಟು ಪೂರ್ತಿ ಇಳಿಯಿತು. ಅವರು ಸೋಮಾರಿಯಾಗಿರಲಿಲ್ಲ. ಹಠ ಮಾಡುತ್ತಲೂ ಇರಲಿಲ್ಲ. ಪೆಟ್ಟು ತಿಂದ ಮೆದುಳು ಮಾಡುವುದನ್ನೇ ಅವರ ಮೆದುಳು ಮಾಡುತ್ತಿತ್ತು.

ಹಿಡಿತ ಇದೆ ಎಂದು ಮೆದುಳಿಗೆ ಮಾತಿನಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಬೇಕು. ಅದಕ್ಕೇ ಮೊದಲ ಕೆಲಸ ಸೋಲಲು ಆಗದಷ್ಟು ಸಣ್ಣದಿರಲಿ. ಡಾಕ್ಟರ ಒಪ್ಪಿಗೆ ಕೇಳಿ ನಾವು ಶುರುಮಾಡಿದ್ದು ತುಳಸಿಕಟ್ಟೆಗೆ ಹತ್ತು ಸುತ್ತು, ಬೆಳಿಗ್ಗೆ ಆರೂವರೆಗೆ, ಸೆಕೆ ಏರುವ ಮೊದಲು. ಆಗುವುದು ಮೂರು ನಾಲ್ಕು ನಿಮಿಷ. ವಾರಕ್ಕೊಮ್ಮೆ ಐದು ಸುತ್ತು ಜಾಸ್ತಿ. ಪ್ರತಿದಿನ ನೋಟ್‌ಬುಕ್ಕಿನಲ್ಲಿ ಒಂದು ಗೀಟು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಸಂಖ್ಯೆಯನ್ನು ನಾನು ಚಿಕ್ಕಪ್ಪನಿಗೆ ಆಗಸ್ಟ್‌ವರೆಗೆ ಹೇಳಲೇ ಇಲ್ಲ.

ಹೆಜ್ಜೆ 4: ಅಡ್ಡಿಯನ್ನು ಮೊದಲೇ ಬರೆದಿಡಿ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಹೆಜ್ಜೆ ಇದು. ಜನ ಬಿಟ್ಟುಬಿಡುವುದೂ ಇದನ್ನೇ.

ಗೇಬ್ರಿಯೆಲ್ ಓಟಿಂಗನ್ ಎಂಬ ಮನಃಶಾಸ್ತ್ರಜ್ಞೆ, 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ 25 ಮಹಿಳೆಯರನ್ನು ಒಂದು ವರ್ಷ ಗಮನಿಸಿದರು. 'ನನ್ನಿಂದ ಇಳಿಸಲು ಆಗುತ್ತದೆ' ಎಂದು ನಿರೀಕ್ಷಿಸಿದವರು ಜಾಸ್ತಿ ತೂಕ ಇಳಿಸಿದರು. ಆದರೆ ತೆಳ್ಳಗಾದ ಮೇಲೆ ಎಷ್ಟು ಚೆನ್ನಾಗಿರುತ್ತದೆ ಎಂದು ಸಿಹಿ ಸಿಹಿಯಾಗಿ ಹಗಲುಗನಸು ಕಂಡವರು ಕಡಿಮೆ ಇಳಿಸಿದರು. ಸೊಂಟದ ಕೀಲು ಬದಲಿಸಿಕೊಂಡವರ ಚೇತರಿಕೆಯಲ್ಲೂ ಅವರಿಗೆ ಇದೇ ಕಂಡಿತು. ಕನಸಿನಲ್ಲೇ ಗುರಿ ಮುಟ್ಟಿದರೆ ಮೈ ಆರಾಮಾಗಿ ಕೂತುಬಿಡುತ್ತದೆ. ಹೊರಡುವ ಹುರುಪು ಅಲ್ಲೇ ಖರ್ಚಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಗುರಿಯನ್ನು ನೆನೆಸಿದ ಕೂಡಲೇ ಅಡ್ಡ ಬರುವುದನ್ನೂ ನೆನೆಸಬೇಕು. ಆಮೇಲೆ 'ಹೀಗಾದರೆ ಹಾಗೆ' ಎಂದು ಒಂದೇ ಸಾಲಿನಲ್ಲಿ ಬರೆಯಬೇಕು. ಪೀಟರ್ ಗೋಲ್‌ವಿಟ್ಸರ್ ಎಂಬವರು 1990ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. 'ನಾನು ದಿನಾ ನಡೆಯುತ್ತೇನೆ' ಎಂಬ ಸಂಕಲ್ಪಕ್ಕಿಂತ 'ಬೆಳಿಗ್ಗೆ ಚಹಾ ಲೋಟ ಕೆಳಗಿಟ್ಟ ಕೂಡಲೇ ಚಪ್ಪಲಿ ಹಾಕುತ್ತೇನೆ' ಎಂಬ ಸಾಲು ಎಷ್ಟೋ ಜಾಸ್ತಿ ಕೆಲಸ ಮಾಡುತ್ತದೆ. ಆ ಗಳಿಗೆ ಬಂದಾಗ ಯೋಚಿಸುವ ಕೆಲಸ ಉಳಿದಿರುವುದಿಲ್ಲ. 'ಶಿರಾಡಿ ಮುಚ್ಚಿದರೆ ಚಾರ್ಮಾಡಿ' ಎಂಬುದೂ ಇಂಥದ್ದೇ ಸಾಲು ಅಲ್ವಾ? ಸೀಟು ಹಿಡಿದು ಕೂತ ಮೇಲೆ ಅದನ್ನು ಯಾರೂ ಚರ್ಚೆ ಮಾಡುವುದಿಲ್ಲ.

ನಮ್ಮ ನೋಟ್‌ಬುಕ್ಕಿನಿಂದ ಕೆಲವು ಸಾಲು:

ಮಳೆ ಬಂದರೆ ಚಾವಡಿಯ ಉದ್ದಕ್ಕೆ 40 ಸಲ.
ಅಂಗಳದಲ್ಲಿ ಪಾಚಿ ಕಟ್ಟಿದರೆ ಹೊರಗೆ ಕಾಲಿಡುವುದಿಲ್ಲ, ಮೊದಲು ಸೋಗೆ ಹಾಸುವುದು.
ಮದುವೆ ಊಟ ಇದ್ದರೆ ಪಾಯಸ ಅರ್ಧ ಸೌಟು, ಉಪ್ಪಿನಕಾಯಿ ಬೇಡ.
ರಾತ್ರಿ ಹೆದರಿಕೆಯಾಗಿ ಎಚ್ಚರವಾದರೆ ಚಿಕ್ಕಮ್ಮನನ್ನು ಎಬ್ಬಿಸುವುದು, ಒಬ್ಬನೇ ಕೂರುವುದಿಲ್ಲ.
ಎದೆ ನೋವು ಬಂದರೆ 108.

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಕಿಂಗ್ ಬಿಟ್ಟವರು ಆಮೇಲೆ ಶುರುಮಾಡುವುದೇ ಇಲ್ಲ. ಹಾಗಾಗಿ ಆ ಮೊದಲ ಸಾಲು ಎಲ್ಲರ ಮನೆಯಲ್ಲೂ ಬೇಕು.

ಜುಲೈನಲ್ಲಿ ಚಿಕ್ಕಪ್ಪನಿಗೆ ವೈರಲ್ ಜ್ವರ ಬಂದು ಎರಡು ವಾರ ಎಲ್ಲ ನಿಂತಿತು. ಮತ್ತೆ 'ಮುಗಿಯಿತು' ಎಂಬ ಪದ ಬಂತು. ಆಗ ಮಲ್ಪೆಯಲ್ಲಿ ಬೋಟುಗಳೆಲ್ಲ ದಡದಲ್ಲಿದ್ದವು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಚಿಕ್ಕಮ್ಮ ಮಲ್ಪೆಯಲ್ಲಿ ಹುಟ್ಟಿ ಬೆಳೆದವರು. "ಕಡಲಿಗೆ ಹೋಗದ ದಿನ ನನ್ನ ಅಪ್ಪ ಬಲೆ ಹೊಲಿಯುತ್ತಿದ್ದರು. ನೀವು ಮಲಗಿಕೊಂಡೇ ಮಾಡುವುದು ಎಂತ ಉಂಟು ನೋಡುವ" ಅಂದರು. ಮಾತ್ರೆಗಳ ಪಟ್ಟಿ ಹೊಸದಾಗಿ ಬರೆಯುವುದು, ಡಾಕ್ಟರ ಹತ್ತಿರ ಕೇಳಬೇಕಾದ ಪ್ರಶ್ನೆ ಬರೆಯುವುದು, ಹಳೆ ಗೆಳೆಯರಿಗೆ ದಿನಕ್ಕೊಂದು ಫೋನ್. ಆ ಎರಡು ವಾರಕ್ಕೆ ಅಷ್ಟು ಸಾಕಾಯಿತು.

ಹೆಜ್ಜೆ 5: ನಾಲ್ಕು ದಿನ, 20 ನಿಮಿಷ ಬರೆಯಿರಿ

ಇದು ಬರೆಯಲು ಇಷ್ಟ ಇರುವವರಿಗೆ. ಲಾರಾ ಕಿಂಗ್ ಎಂಬವರು 2001ರಲ್ಲಿ 81 ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದ ವಿಧಾನ. ಎಲ್ಲವೂ ಅಂದುಕೊಂಡ ಹಾಗೆ ನಡೆದರೆ ಮುಂದೆ ನಿಮ್ಮ ಬದುಕು ಹೇಗಿರುತ್ತದೆ ಎಂದು ಸತತ ನಾಲ್ಕು ದಿನ, ದಿನಕ್ಕೆ 20 ನಿಮಿಷ ಬರೆಯುವುದು. ಹಾಗೆ ಬರೆದವರು ಐದು ತಿಂಗಳ ನಂತರ ಕಾಯಿಲೆ ಎಂದು ಆಸ್ಪತ್ರೆಗೆ ಹೋದದ್ದು ಕಡಿಮೆ. ಆದರೆ ಓಟಿಂಗನ್ ಹೇಳಿದ್ದನ್ನು ಮರೆಯಬೇಡಿ. ಬರೆದಾದ ಮೇಲೆ ಹೆಜ್ಜೆ 4ಕ್ಕೆ ಹೋಗಿ ಅಡ್ಡಿಗಳನ್ನೂ ಬರೆಯಿರಿ.

ಭರವಸೆಗೆ ಬಿಡಬಾರದ ಕೆಲಸಗಳು

ಮೊದಲನೆಯದು ಎದೆ ನೋವು. ನಮ್ಮಲ್ಲಿ ಎದೆ ನೋವಿಗೆ ಮೊದಲ ಹೆಸರು 'ಗ್ಯಾಸ್'. ಜೀರಿಗೆ ಕಷಾಯ ಕುಡಿದು, ಸೋಡಾ ಕುಡಿದು, "ಎಂತದೂ ಆಗುವುದಿಲ್ಲ" ಎಂದು ಬೆಳಗಾಗುವವರೆಗೆ ಕಾಯುತ್ತೇವೆ. ಚಿಕ್ಕಪ್ಪನೂ ನಾಲ್ಕು ಗಂಟೆ ಹಾಗೆಯೇ ಕಳೆದಿದ್ದರು. ಎದೆಯಲ್ಲಿ ಹಿಂಡಿದ ಹಾಗೆ ನೋವು, ಅದು ಎಡಗೈಗೋ ದವಡೆಗೋ ಹರಡುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು ಕಂಡರೆ ಆ ಕ್ಷಣದಲ್ಲಿ ಆಶಾವಾದ ಬೇಡ. 108ಕ್ಕೆ ಫೋನ್ ಮಾಡಿ. ಮುಚ್ಚಿದ ರಕ್ತನಾಳ ಬೇಗ ತೆರೆದಷ್ಟೂ ಹೃದಯದ ಸ್ನಾಯು ಉಳಿಯುತ್ತದೆ.

ಎರಡನೆಯದನ್ನು ಹೇಳುವಾಗ ನನಗೆ ಈಗಲೂ ದುಃಖವಾಗುತ್ತದೆ. ನಮ್ಮ ಪಕ್ಕದ ಮನೆಯ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿತ್ತು. "ನೀನು ಪಾಸಿಟಿವ್ ಆಗಿದ್ದರೆ ಗುಣವಾಗುತ್ತದೆ" ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಎರಡು ವರ್ಷದ ಮೇಲೆ ಕಾಯಿಲೆ ಮರಳಿ ಬಂದಾಗ ಅವರು ಕೇಳಿದರು: "ನಾನು ಸರಿಯಾಗಿ ನಂಬಲಿಲ್ಲವಾ?" ಅವರಿಗೆ ಹೇಳಬೇಕಾಗಿದ್ದದ್ದು ಇದು: 2007ರಲ್ಲಿ ಜೇಮ್ಸ್ ಕೋಯ್ನ್ ಮತ್ತು ಜೊತೆಗಾರರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ರೋಗಿಗಳ ಮಾಹಿತಿ ನೋಡಿದರು. ಮನಸ್ಸಿನ ಸ್ಥಿತಿಗೂ ಎಷ್ಟು ಕಾಲ ಬದುಕಿದರು ಎಂಬುದಕ್ಕೂ ಸಂಬಂಧ ಸಿಗಲಿಲ್ಲ. ಚಿಕಿತ್ಸೆಯ ದಿನಗಳನ್ನು ದಾಟಲು ಭರವಸೆ ಖಂಡಿತ ಸಹಾಯ ಮಾಡುತ್ತದೆ. ಗಡ್ಡೆ ಬೆಳೆದದ್ದಕ್ಕೆ ರೋಗಿಯ ಮನಸ್ಸು ಕಾರಣ ಎಂದು ಮಾತ್ರ ಯಾರಿಗೂ ಅನಿಸುವ ಹಾಗೆ ಮಾಡಬೇಡಿ. ಅಳಬೇಕು ಅನಿಸಿದವರು ಅಳಲಿ.

ಮೂರನೆಯದು ಖಿನ್ನತೆ. ಎರಡು ವಾರ ದಾಟಿದರೂ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಬದುಕಿ ಏನು ಪ್ರಯೋಜನ ಎಂಬ ಮಾತು ಬರುತ್ತಿದೆ ಎಂದಾದರೆ ಈ ನೋಟ್‌ಬುಕ್ ಸಾಲದು. ತೀವ್ರ ನಿರಾಶೆ ಆತ್ಮಹತ್ಯೆಯ ಯೋಚನೆಗೆ ಹತ್ತಿರದ ಸಂಗತಿ. ಅದಕ್ಕೇ ಆರನ್ ಬೆಕ್ ಎಂಬ ಮನೋವೈದ್ಯರು 1974ರಲ್ಲಿ ನಿರಾಶೆಯನ್ನೇ ಅಳೆಯುವ 20 ವಾಕ್ಯಗಳ ಪಟ್ಟಿ ಮಾಡಿದ್ದರು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. 2022ರ ಅಕ್ಟೋಬರ್‌ನಿಂದ ಇದೆ, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕಾಣಬಹುದು. ಹಾರ್ಟ್ ಅಟ್ಯಾಕ್ ಆದವರಲ್ಲಿ ಖಿನ್ನತೆ ಸಾಮಾನ್ಯ. ಚಿಕ್ಕಪ್ಪನನ್ನೂ ನಾವು ಏಪ್ರಿಲ್‌ನಲ್ಲೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ನಾಲ್ಕು ಸಲ ಮಾತಾಡಿ ಬಂದರು. ನಾನು ಬರೆದ ಹೆಜ್ಜೆಗಳೆಲ್ಲ ಅದರ ಜೊತೆಜೊತೆಗೇ ನಡೆದದ್ದು.

ಹೆಜ್ಜೆ 6: ಮನೆಯವರಿಗೆ

"ಹೆದರಬೇಡಿ" ಎಂಬ ಮಾತಿನ ನಂತರ ರೋಗಿಗೆ ಹೇಳಲು ಏನೂ ಉಳಿಯುವುದಿಲ್ಲ, ಗಮನಿಸಿದ್ದೀರಾ? ಅವರ ಹೆದರಿಕೆ ಒಳಗೇ ಉಳಿಯುತ್ತದೆ. ಅದರ ಬದಲು "ಯಾವುದಕ್ಕೆ ಜಾಸ್ತಿ ಹೆದರಿಕೆ ಆಗ್ತದೆ?" ಎಂದು ಕೇಳಿ. ಉತ್ತರ ಪೂರ್ತಿ ಕೇಳಿ. ಚಿಕ್ಕಪ್ಪನ ಹೆದರಿಕೆ ಸಾವಿನದ್ದು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವರು ಹೆದರಿದ್ದು ಮನೆಯವರಿಗೆ ಭಾರವಾಗುತ್ತೇನೆ ಎಂದು. ಆ ಹೆದರಿಕೆಗೆ ಮಾಡುವ ಕೆಲಸವೇ ಬೇರೆ. ಮಾರನೇ ದಿನದಿಂದ ತೆಂಗಿನಕಾಯಿ ಲೆಕ್ಕ, ಕರೆಂಟ್ ಬಿಲ್ಲು ಮತ್ತೆ ಅವರ ಕೈಗೆ ಬಂದವು.

ಮಕ್ಕಳು ಮುಂಬೈಯಲ್ಲೋ ಗಲ್ಫಿನಲ್ಲೋ ಇದ್ದರೆ ವಾರಕ್ಕೊಮ್ಮೆ ಒಂದು ಗಂಟೆ ಮಾತಾಡುವುದಕ್ಕಿಂತ ದಿನಾ ಐದು ನಿಮಿಷ ಒಳ್ಳೆಯದು. "ಮಾತ್ರೆ ತಗೊಂಡ್ರಾ?" ಎಂದು ಮಾತ್ರ ಕೇಳಿ ಇಡಬೇಡಿ. ಅವತ್ತಿನ ಗೀಟು ಎಷ್ಟಾಯಿತು ಎಂದು ಕೇಳಿ.

2024ರ ಜನವರಿ 18ರಂದು ಚಿಕ್ಕಪ್ಪ ಮೆರವಣಿಗೆ ನೋಡಿದರು. ಇಡೀ ದಾರಿ ನಡೆಯಲಿಲ್ಲ. ಗೆಳೆಯರೊಬ್ಬರ ಅಂಗಡಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. 'ಕಾಲು ಸೋತರೆ ಅಂಗಡಿಯ ಕುರ್ಚಿ' ಎಂದು ಡಿಸೆಂಬರ್‌ನಲ್ಲೇ ಬರೆದಿಟ್ಟಿದ್ದರು. ಬೆಳಗಾದ ಮೇಲೆ, ಜನ ಸ್ವಲ್ಪ ಕರಗಿದಾಗ, ರಥಬೀದಿಗೆ ಒಂದು ಪೂರ್ತಿ ಸುತ್ತು ಬಂದರು. ನಾನೂ ಚಿಕ್ಕಮ್ಮನೂ ಹಿಂದೆ ಇದ್ದೆವು. ಮಧ್ಯೆ ಎರಡು ಕಡೆ ನಿಂತರು.

ಈಗಲೂ ರಾತ್ರಿ ಊಟದ ಬಟ್ಟಲು ಎತ್ತುವಾಗ ಚಿಕ್ಕಮ್ಮ ಒಂದು ಮಾತು ಕೇಳುತ್ತಾರೆ: "ನಾಳೆ ಎಂತ ಮಾಡುವ?" ಮೊನ್ನೆ ನಾನು ಅಲ್ಲಿದ್ದೆ. ಹೊರಗೆ ಜೋರು ಮಳೆ. ಚಿಕ್ಕಪ್ಪ ಗಂಜಿಯ ಕೊನೆಯ ಗುಟುಕು ಕುಡಿದು, ಕಿಟಕಿಯಾಚೆ ನೋಡಿ ಹೇಳಿದರು: "ಹೊಳವಾದರೆ ಕಲ್ಸಂಕದವರೆಗೆ. ಇಲ್ಲದಿದ್ದರೆ ಚಾವಡಿಯಲ್ಲೇ, 60 ಸಲ."